ಎತ್ತಿನ ಒಂದು ಕಣ್ಣು

ಕಾಲೇಜು ಕಲಿತರೆ ಧೈರ್ಯ ಬರುತ್ತದೆ ಎಂದು ನಮ್ಮ ಅಪ್ಪ ನಂಬಿದ್ದರು. ನನಗೆ ಬಂದದ್ದು ಯಾವುದಕ್ಕೆಲ್ಲ ಹೆದರಬೇಕೆಂಬ ತಿಳಿವಳಿಕೆ ಮಾತ್ರ. ಗುಲಗಂಜಿಯೊಳಗೆ ವಿಷವಿದೆ ಎಂದು ಧಾರವಾಡದಲ್ಲಿ ಓದುವಾಗ ಪ್ರೊಫೆಸರರೊಬ್ಬರು ಹೇಳಿದ್ದರು. ಅವರು ಕಲಿಸಿದ ಉಳಿದದ್ದೆಲ್ಲ ಮರೆತುಹೋಗಿದೆ, ಇದೊಂದು ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಮಗಳು ನೀಲಾ ಆಗ ಹುಬ್ಬಳ್ಳಿಯಲ್ಲಿ ಎರಡನೆಯ ಇಯತ್ತೆ ಓದುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಅವಳ ಶಾಲೆಯ ಅಕ್ಕೋರು, ಪ್ರತಿ ಹುಡುಗಿಯೂ ಕೈಯಾರೆ ಒಂದು ಮಣ್ಣಿನ ಎತ್ತು ಮಾಡಿ ತರಬೇಕು, ಮಾಡುವಾಗ ಏನು ಕಲಿತೆನೆಂದು ಎಲ್ಲರ ಮುಂದೆ ಹೇಳಬೇಕು ಎಂದರು. ಪಾಲಕರಿಗೂ ಕರೆಯಿತ್ತು. ಹಬ್ಬದ ಎತ್ತಿಗೆ ಗುಲಗಂಜಿಯ ಕಣ್ಣಿರಬೇಕು, ಇಲ್ಲದಿದ್ದರೆ ಅದು ಎತ್ತೇ ಅಲ್ಲ. ಅವಳ ಅಜ್ಜಿ, ಎಂದರೆ ನಮ್ಮವ್ವ, ಅಕ್ಕಸಾಲಿಗನ ಅಂಗಡಿಯಿಂದ ಎರಡು ಕೆಂಪು ಕಾಳು ತಂದುಕೊಟ್ಟಳು.

ನಾನು ಪಡಸಾಲೆಯಲ್ಲಿ ಪೇಪರು ಓದುತ್ತ ನಡುನಡುವೆ ಸಲಹೆ ಕೊಡುತ್ತಿದ್ದೆ. ಡುಬ್ಬ ಇನ್ನಷ್ಟು ಹಿಂದೆ ಬರಬೇಕು ಎಂದೆ. ಅದು ಡುಬ್ಬ ಅಲ್ಲ, ತಲೆ ಎಂದು ಅವಳು ನನ್ನನ್ನು ತಿದ್ದಿದಳು. ಕಡೆಗೊಮ್ಮೆ ಎತ್ತು ಎದ್ದು ನಿಂತಿತು, ಒಕ್ಕಣ್ಣಿನದು. ಇನ್ನೊಂದು ಕಣ್ಣೆಲ್ಲಿ ಎಂದು ಕೇಳಿದೆ. ಎರಡೂ ಕೈಗೆ ಮಣ್ಣು ಮೆತ್ತಿತ್ತಲ್ಲ, ಅದಕ್ಕೆ ಬಾಯಲ್ಲಿ ಇಟ್ಟುಕೊಂಡಿದ್ದೆ ಎಂದಳು.

“ಈಗ ಎಲ್ಲೈತಿ?”

“ಒಳಗ ಹೋತು.”

ಆಮೇಲಿನ ಓಟವನ್ನು ನಾನು ಇಂದಿಗೂ ಕೂತಲ್ಲೇ ಓಡುತ್ತಿರುತ್ತೇನೆ. ಅವಳನ್ನು ಎತ್ತಿಕೊಂಡು ಕೇಶ್ವಾಪುರದ ನಮ್ಮ ಮನೆಯಿಂದ ದವಾಖಾನೆಯವರೆಗೆ ಬರಿಗಾಲಲ್ಲಿ ಓಡಿದೆ. ಟಾಂಗಾದವನೊಬ್ಬ ಹತ್ತಿರಿ ಎನ್ನುತ್ತ ಪಕ್ಕದಲ್ಲೇ ಬಂದ. ಹತ್ತಲು ನಿಂತರೆ ಹೊತ್ತಾಗುತ್ತದೆ ಎಂದು ನಾನು ನಿಲ್ಲಲಿಲ್ಲ. ನನ್ನ ಪದವಿ ತರ್ಕಶಾಸ್ತ್ರದಲ್ಲಿ.

ಕಾಳು ಒಡೆದಿದ್ದರೆ ಕಠಿಣ, ಇಡಿಯಾಗಿ ನುಂಗಿದ್ದರೆ ಹಾಗೇ ಹೊರಗೆ ಬಂದೀತು ಎಂದು ಡಾಕ್ಟರು ನನಗೆ ಹೇಳಿ ಅವಳ ಕಡೆ ತಿರುಗಿದರು.

“ಖರೇ ಹೇಳು ತಂಗೀ, ಕಾಳು ಕಡದಿ ಏನು?”

“ಇಲ್ರಿ. ಕಣ್ಣು ಕಡದ್ರ ಎತ್ತಿಗೆ ನೋವಾಗೂದಿಲ್ಲೇನ್ರಿ?”

ಆದರೂ ಡಾಕ್ಟರು ಸಂಜೆಯತನಕ ನಮ್ಮನ್ನು ಬೆಂಚಿನ ಮೇಲೆ ಕೂಡಿಸಿದರು. ಮರುದಿನ ಕಣ್ಣು ಒಂದು ಸೀಳೂ ಇಲ್ಲದೆ ಹೊರಗೆ ಬಂತು. ತೊಳೆದು ಎತ್ತಿಗೆ ಹಚ್ಚೋಣ ಎಂದು ನೀಲಾ ಹಟ ಹಿಡಿದಳು, ಅವ್ವ ಒಪ್ಪಲಿಲ್ಲ. ಹೊಸ ಕಾಳು ಮನೆಗೆ ತರಲು ನಾನು ಒಪ್ಪಲಿಲ್ಲ.

ಹೀಗಾಗಿ ಒಕ್ಕಣ್ಣಿನ ಎತ್ತೇ ಶಾಲೆಗೆ ಹೋಯಿತು. ಹಸೀನಾ ಎಂಬ ಹುಡುಗಿ, ಮಣ್ಣಿಗೆ ಚೂರು ಅರಳೆ ಕೂಡಿಸಿ ನಾದಿದರೆ ಬಿರಿಯುವುದಿಲ್ಲ ಎಂದು ತಾನು ಕಂಡುಕೊಂಡದ್ದನ್ನು ಹೇಳಿದಳು. ಇನ್ನೊಬ್ಬಳು, ಬಿಸಿಲಿಗಿಂತ ನೆರಳಲ್ಲಿ ಒಣಗಿಸುವುದು ಛಲೋ ಎಂದಳು. ನೀಲಾಳ ಸರದಿ ಬಂದಾಗ ನಾನು ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತೆ. ಕಾಳನ್ನು ಬಾಯಲ್ಲಿಡಬಾರದು ಎಂದು ಕಲಿತೆ ಅನ್ನುತ್ತಾಳೆ ಎಂದುಕೊಂಡಿದ್ದೆ.

“ಅಪ್ಪ ಅಂಜಿದಾಗ ಅಂವನ ಕೈ ಗಟ್ಟಿ ಹಿಡಕೊಂಡು ಕೂಡಬೇಕ್ರಿ, ಅಕ್ಕೋರ. ಬಿಟ್ರ ಅಳ್ತಾನ್ರಿ.”

ಹುಡುಗಿಯರೆಲ್ಲ ಹಿಂತಿರುಗಿ ನನ್ನನ್ನು ನೋಡಿದರು. ದವಾಖಾನೆಯ ಬೆಂಚಿನ ಮೇಲೆ ಮಗಳ ಕೈ ಬಿಡದೆ ಹಿಡಿದು ಧೈರ್ಯ ತುಂಬಿದೆ ಎಂದು ನಾನು ಅದುವರೆಗೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ.