ಭಟ್ಟರ ಹೊಟ್ಟೆ ರೇಡಿಯೋ

"ಅಮ್ಮಾ, ಒಲೆ ಸಣ್ಣ ಮಾಡಿ ಬಾ! ಅಪ್ಪನ ಹೊಟ್ಟೆ ಮಾತಾಡುತ್ತೆ!"

ಸೊಪ್ಪು ಬಿಡಿಸುತ್ತಿದ್ದವಳು ಮೊರದ ಸಮೇತ ಎದ್ದು ಹೋದೆ. ನಮ್ಮ ಚಿತ್ಕಳಾ ಆರನೇ ವಯಸ್ಸಿಗೇ ಮಿಕ್ಸಿ ಬಿಚ್ಚಿ ಜೋಡಿಸಿದವಳು. ಆಮೇಲೆ ಅದು ಮೊದಲಿಗಿಂತ ನುಣ್ಣಗೆ ರುಬ್ಬುತ್ತಿತ್ತು; ಸದ್ದು ಮಾತ್ರ ಮೂರು ಬೀದಿಗೆ ಕೇಳಿಸುತ್ತಿತ್ತು. ಈಗ ಅವಳು ಅಪ್ಪನ ಸೊಂಟಕ್ಕೆ ಅಂಗೈಯಗಲದ ಪಟ್ಟಿ ಕಟ್ಟಿ, ಕೈಕಟ್ಟಿ ನಿಂತಿದ್ದಳು.

"ಹಸಿವು ಬಹಳ ಕಡಿಮೆ. ಆದರೂ ತಿಂಡಿಯ ಹೊತ್ತು. ಒಂದು ಇಡ್ಲಿ. ನಿಧಾನವಾಗಿ ಅಗಿಯಿರಿ" ಎಂದಿತು ಪಟ್ಟಿ, ಚಿತ್ಕಳಾಳ ದನಿಯಲ್ಲೇ.

"ಸೊಂಟದ ಮೇಲೂ ಇವಳದೇ ಗದರಿಕೆ!" ಎಂದರು ನಮ್ಮವರು.

ನಮ್ಮವರು ಶೇಷಗಿರಿ ಭಟ್ಟರು. ತಿಪಟೂರಿನ ಸಮಾರಂಭಗಳಿಗೆ ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದಾರೆ. ತೂಕ ನೂರ ಮೂವತ್ತಾರು ಕಿಲೋ ಮುಟ್ಟಿ, ಸಕ್ಕರೆ ಕಾಯಿಲೆಯೂ ಏರಿದಾಗ ಆಪರೇಷನ್ ಮಾಡಿಸಿದೆವು. ಡಾಕ್ಟರು ಹೊಟ್ಟೆಯ ಮುಕ್ಕಾಲು ಭಾಗ ತೆಗೆದು, ಬಾಳೆಕಾಯಿಯಷ್ಟು ಉಳಿಸಿದರು. ಹೋದ ಭಾಗದಲ್ಲೇ, ಹಸಿವಾಯಿತೆಂದು ಮಿದುಳಿಗೆ ಹೇಳುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತಿತ್ತಂತೆ. ಉಳಿದ ಭಾಗದಿಂದ ತಿಂದದ್ದು ಬೇಗ ಕರುಳಿಗೆ ಇಳಿಯುತ್ತದೆ. ಕರುಳು ತಕ್ಷಣ 'ಸಾಕು, ಸಾಕು' ಎಂದು ಬೇರೆ ಹಾರ್ಮೋನುಗಳನ್ನು ಕಳಿಸುತ್ತದೆ. ಎಂಟು ತಿಂಗಳಲ್ಲಿ ನಲವತ್ತು ಕಿಲೋ ಇಳಿದರು, ಸಕ್ಕರೆಯೂ ಹತೋಟಿಗೆ ಬಂತು. ಜೊತೆಗೆ ಮುಖದ ಕಳೆಯೂ ಇಳಿಯಿತು.

"ಮೊದಲೆಲ್ಲ ಬಡಿಸೋವರೆಗೂ ಉಪವಾಸ ಇರ್ತಿದ್ದೆ ಕಣೇ. ನನ್ನ ಹೊಟ್ಟೆ ಚುರುಗುಟ್ಟಿದ್ದು ನೋಡೇ ಪಂಕ್ತಿಯ ಹಸಿವು ಅಳೀತಿದ್ದೆ. ಈಗ ಹಸಿವೇ ಗೊತ್ತಾಗಲ್ಲ. ಗಂಗಾಧರಯ್ಯನವರ ಮನೆ ನಾಮಕರಣದ ಅಡುಗೆ ಕೆಟ್ಟರೆ ಸೌಟು ಕೆಳಗಿಟ್ಟುಬಿಡ್ತೀನಿ" ಎಂದಿದ್ದರು.

ಅದಕ್ಕೇ ಮಗಳು ಈ ಪಟ್ಟಿ ಮಾಡಿದ್ದು. ಚರ್ಮದ ಮೇಲಿಂದಲೇ ಹಾರ್ಮೋನು ಓದುತ್ತದೆ!

"ಅಪ್ಪಾ, ಈ ತಿರುಪು ನಡುವೆಯೇ ಇರಲಿ. ಎಡಕ್ಕೆ ತಿರುಗಿದ್ರೆ ನಿನ್ನ ಹೊಟ್ಟೆ ಹೇಳೋದು ಹೊರಗೆ ಹೋಗುತ್ತೆ. ಬಲಕ್ಕೆ ತಿರುಗಿದ್ರೆ ಬೇರೆಯವರದ್ದು ನಿನಗೆ ಬರುತ್ತೆ. ಅದಿನ್ನೂ ಪ್ರಯೋಗ. ಮುಟ್ಟಬೇಡ!"

ಅವರು ಮುಟ್ಟಲಿಲ್ಲ. ಆದರೆ ಬಡಿಸುವ ಮೊದಲು ಸೊಂಟಕ್ಕೆ ಅಂಗವಸ್ತ್ರ ಬಿಗಿಯುವುದು ಅವರ ಮೂವತ್ತು ವರ್ಷದ ಅಭ್ಯಾಸ. ಸೊಂಟ ಸಣ್ಣದಾಗಿ ಬಟ್ಟೆ ಜಾರುತ್ತಿದ್ದರಿಂದ ನಾಮಕರಣದ ದಿನ ಮೂರು ಸಲ ಬಿಗಿದರು. ಪ್ರತಿ ಸಲವೂ ಎಡಕ್ಕೆ, ಒಳಗಿನ ತಿರುಪನ್ನೂ ಎಳೆದುಕೊಂಡು!

ನಾಮಕರಣಕ್ಕೆ ಇನ್ನೂರು ಎಲೆ. ಪಂಕ್ತಿ ಶುರುವಾದಾಗ ನಮ್ಮವರು ಪಾಯಸದ ರುಚಿ ನೋಡಿದರು, ಎರಡೇ ಚಮಚ. ಇನ್ನೂರು ಜನ ಒಟ್ಟಿಗೆ ಎಲೆಗೆ ಕೈ ಅಡ್ಡ ಹಿಡಿದು "ಸಾಕು!" ಎಂದರು. ಹದಿನೆಂಟು ಹೋಳಿಗೆ ತಿನ್ನುವವರೆಂದು ಹೆಸರಾದ ಮಾಸ್ತರರು ಅರ್ಧ ಹೋಳಿಗೆಗೇ ತೇಗಿದರು!

ಗಾಬರಿಯಾದ ನಮ್ಮವರು ಜಿಲೇಬಿಯ ಪಾಕ ನೆಕ್ಕಿ ನೋಡಿದರು. ಆಪರೇಷನ್ ಆದಾಗಿನಿಂದ ಒಮ್ಮೆಗೇ ಅಷ್ಟು ಸಿಹಿ ಇಳಿದರೆ ಅವರಿಗೆ ಬೆವರು, ಎದೆಬಡಿತ. ಮರುಗಳಿಗೆಗೆ ಇನ್ನೂರು ಜನ ಹಣೆ ಒರೆಸಿಕೊಂಡರು. "ಫ್ಯಾನ್ ಜೋರಾಗಿ ಹಾಕ್ರೀ!"

ಗಂಗಾಧರಯ್ಯ ಓಡಿಬಂದರು. "ಏನ್ ಭಟ್ರೇ, ಅಡುಗೆಗೆ ಏನ್ ಹಾಕಿದ್ದೀರಿ? ಬೀಗರ ಮುಂದೆ ನನ್ನ ಮಾನ ಹೋಯ್ತು!"

ನಮ್ಮವರು ಸೌಟನ್ನು ನೆಲಕ್ಕಿಡಲು ಬಗ್ಗಿದರು. ಆಗಲೇ ಚಿತ್ಕಳಾ ಹಾರಿಬಂದು, "ಅಪ್ಪಾ, ತಿರುಪು!" ಎಂದು ಬಟ್ಟೆಯೊಳಗೆ ಕೈ ಹಾಕಿ ತಿರುಗಿಸಿದಳು. ಅವಸರದಲ್ಲಿ ಅದು ನಡುವೆ ನಿಲ್ಲದೆ ಪೂರ್ತಿ ಬಲಕ್ಕೆ ಹೋಗಿ, ಕಟಕ್ಕೆಂದು ಸಿಕ್ಕಿಕೊಂಡಿತು.

ಸುಳ್ಳು ತೃಪ್ತಿ ಇಳಿದು ಇನ್ನೂರು ಜನಕ್ಕೂ ಹಸಿವು ಮರಳಿತು. ಅಷ್ಟೂ ಹಸಿವು ನಮ್ಮವರೊಳಗೆ ನುಗ್ಗಿತು! ಕಣ್ಣು ಅಗಲವಾಯಿತು. ಕೈ ಹೋಳಿಗೆಯ ರಾಶಿಯತ್ತ ಚಾಚಿತು.

ನಾನು ಕೈ ಹಿಡಿದುಕೊಂಡೆ. "ರೀ, ನಿಮ್ಮ ಹಸಿವಲ್ಲ ಅದು, ಜನರದ್ದು. ನಿಮ್ಮ ಹೊಟ್ಟೆ ಬಾಳೆಕಾಯಿಯಷ್ಟೇ!"

ಅವರು ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಂಡರು. ಆಮೇಲೆ ಎತ್ತಿದ್ದು ಹೋಳಿಗೆಯನ್ನಲ್ಲ, ಸೌಟನ್ನು.

"ಮೂರನೇ ಸಾಲಿನ ಕೊನೆಯ ಅಜ್ಜಿಗೆ ಬಿಸಿ ತಿಳಿಸಾರು! ಬಾಣಂತಿಗೆ ತುಪ್ಪ ಜಾಸ್ತಿ! ಮಾಸ್ತರಿಗೆ ಇನ್ನು ಹದಿನೇಳೂವರೆ ಹೋಳಿಗೆ!"

ಒಂದೂ ತಪ್ಪಲಿಲ್ಲ. ಯಾರೂ ಕೇಳಬೇಕಾಗಲಿಲ್ಲ, ಯಾರಿಗೂ ಒತ್ತಾಯ ಮಾಡಬೇಕಾಗಲಿಲ್ಲ. ಎಲೆಯಲ್ಲಿ ಒಂದಗುಳೂ ಉಳಿಯಲಿಲ್ಲ. ಗಂಗಾಧರಯ್ಯ ಅಲ್ಲೇ ಮುಂದಿನ ತಿಂಗಳ ಗೃಹಪ್ರವೇಶದ ಅಡುಗೆಗೂ ವೀಳ್ಯ ಕೊಟ್ಟರು. ಪಾತ್ರೆಗಳ ನಡುವೆ ನಿಂತಿದ್ದ ಅಪ್ಪ-ಮಗಳಿಬ್ಬರನ್ನೂ ನೋಡಿ ನನ್ನ ಕಣ್ಣು ತುಂಬಿತು.

ಎಲ್ಲರೂ ಎದ್ದ ಮೇಲೂ ನಮ್ಮವರು ಹೊಟ್ಟೆ ಹಿಡಿದು ಸುತ್ತ ನೋಡಿದರು. "ಇನ್ನೂ ಒಂದು ಹಸಿವು ಉಳಿದಿದೆಯಲ್ಲ... ಬೆಳಗಿನಿಂದಲೂ ಇದ್ದ ಹಾಗಿದೆ." ಆಮೇಲೆ ನನ್ನ ಕಡೆ ತಿರುಗಿದರು. "ಲೇ, ನೀನು ಕಾಫಿಯನ್ನೂ ಕುಡಿದಿಲ್ವೇನೇ? ದಿನಾ ಹೀಗೇನಾ?"

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಮೊದಲ ಸಲ ನನಗೆ ಎಲೆ ಹಾಕಿ, ಎದುರು ಕೂತು ಬಡಿಸಿದರು.

ತಿರುಪು ಇನ್ನೂ ಬಿಟ್ಟಿಲ್ಲ. ಬಿಡಿಸುವುದು ಬೇಡವೆಂದು ಅಪ್ಪ ಮಗಳು ಸೇರಿ ತೀರ್ಮಾನಿಸಿದ್ದಾರೆ. ಈಗ ನಾನು ಊಟ ತಪ್ಪಿಸುವ ಹಾಗಿಲ್ಲ. ಅವರು ಮಲಗಿದ್ದಾಗ ಡಬ್ಬಿಯಿಂದ ಎರಡು ಕೋಡುಬಳೆ ತಿಂದು, ಊಟದ ಹೊತ್ತಿಗೆ ಸುಮ್ಮನೆ ಹಸಿವಿಲ್ಲ ಎನ್ನುವ ಹಾಗೂ ಇಲ್ಲ; ಕೋಡುಬಳೆಯ ಸುದ್ದಿ ಅವರ ಹೊಟ್ಟೆಗೆ ಮೊದಲೇ ತಲುಪಿರುತ್ತದೆ.