ದೋಣಿಯ ಒಡತಿಯ ಅಳತೆ

ತೊಂದರೆಯೆಲ್ಲ ಶುರುವಾದದ್ದು ಪುಟದ ಗುರುತಿಗೆಂದು ಇಟ್ಟ ಒಂದು ಚೀಟಿಯಿಂದ. ನಾಟಕದ ಪ್ರತಿಯಲ್ಲಿ ರಾಣಿಯ ಕೊನೆಯ ಮಾತು ಬರುವ ಪುಟಕ್ಕೆ ಯಾವಾಗಲೂ ಬಸ್ ಟಿಕೆಟ್ಟನ್ನೋ ಹೇರ್‌ಪಿನ್ನನ್ನೋ ಇಡುತ್ತಿದ್ದ ಪಿಸು, ಅವತ್ತು ಕೈಗೆ ಸಿಕ್ಕಿದ ಆಸ್ಪತ್ರೆಯ ಚೀಟಿಯನ್ನು ಇಟ್ಟುಬಿಟ್ಟಳು. ಪ್ರತಿಯನ್ನು ಮೇಕಪ್ ಕೋಣೆಯಲ್ಲೇ ಮರೆತು ಮನೆಗೆ ಹೋದಳು. ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು: ‘ತೂಕ ಇಳಿಸುವ ಶಸ್ತ್ರಚಿಕಿತ್ಸೆ ವಿಭಾಗ. ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಖಾಲಿ ಹೊಟ್ಟೆಯಲ್ಲಿ ಬರುವುದು.’

ಅದನ್ನು ಮೊದಲು ಓದಿದವನು ಬಣ್ಣದ ಮಾಮ. ತಂಡದ ಎಲ್ಲರ ಮುಖಕ್ಕೂ ಬಣ್ಣ ಹಚ್ಚುವ ಆತನ ಕೈಗೆ ಬಂದ ಸುದ್ದಿಯೂ ಮುಖದ ಹಾಗೆಯೇ, ಬಣ್ಣವಿಲ್ಲದೆ ಹೊರಗೆ ಹೋಗುತ್ತಿರಲಿಲ್ಲ. ಬುಧವಾರ ಸಂಜೆಗೆ ‘ಪಿಸು ಹೊಟ್ಟೆ ಕತ್ತರಿಸಿಕೊಳ್ಳುತ್ತಾಳಂತೆ’ ಎಂದಿದ್ದದ್ದು ಗುರುವಾರ ಬೆಳಗಾಗುವಷ್ಟರಲ್ಲಿ ‘ಪಿಸುವಿಗೆ ಇನ್ನು ಹೊಟ್ಟೆಯೇ ಇರುವುದಿಲ್ಲವಂತೆ’ ಎಂದಾಗಿತ್ತು.

ಪಿಸು ಎಂಬುದು ತಂಡದವರು ಇಟ್ಟ ಹೆಸರು. ಪರದೆಯ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು, ಮಾತು ಮರೆತ ನಟರಿಗೆ ಪಿಸುಗುಟ್ಟಿ ನೆನಪಿಸುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಅದೇ ಕೆಲಸ. ಅವಳು ಪಿಸುಗುಟ್ಟಿದ್ದು ಒಮ್ಮೆಯೂ ಪ್ರೇಕ್ಷಕರಿಗೆ ಕೇಳಿಸಿರಲಿಲ್ಲ. ಸ್ಟೂಲು ಕಿರುಗುಟ್ಟಿದ್ದು ಮಾತ್ರ ಕೇಳಿಸುತ್ತಿತ್ತು.

ರಾಣಿಯ ಕೊನೆಯ ಮಾತು ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು. ನಾಯಕಿ ಅದನ್ನು ಹೇಳುವಾಗಲೆಲ್ಲ ಇವಳ ತುಟಿಗಳೂ ಅಲ್ಲಾಡುತ್ತಿದ್ದವು. ನಾಯಕಿ ಉಸಿರು ತೆಗೆದುಕೊಳ್ಳುವ ಕಡೆ ಇವಳು ತೆಗೆದುಕೊಳ್ಳುತ್ತಿರಲಿಲ್ಲ. ತಾನಾಗಿದ್ದರೆ ಇನ್ನೆರಡು ಪದ ಮುಂದೆ ಹೋಗಿ ನಿಲ್ಲುತ್ತಿದ್ದೆ ಅನ್ನಿಸುತ್ತಿತ್ತು. ಒಂದೇ ಒಂದು ಸಲ ಬೆಳಕಿನಲ್ಲಿ ನಿಂತು, ಗಟ್ಟಿಯಾಗಿ ಮಾತಾಡಬೇಕು. ಅವಳ ಆಸೆ ಅಷ್ಟೇ. ನಾಲ್ಕು ವರ್ಷದ ಹಿಂದೆ ಧೈರ್ಯ ಮಾಡಿ ಅದನ್ನು ನಿರ್ದೇಶಕರ ಮುಂದೆ ಹೇಳಿಯೂ ಇದ್ದಳು.

“ಧ್ವನಿ ಚಿನ್ನ ಕಣಮ್ಮ ನಿಂದು,” ಎಂದಿದ್ದರು ಅವರು, ಅವಳನ್ನು ಮೇಲಿಂದ ಕೆಳಗೆ ನೋಡಿ. “ಆದ್ರೆ ನಮ್ಮ ಸಿಂಹಾಸನ ಚಿಕ್ಕದು.”

ಅಲ್ಲಿಂದ ಶುರುವಾಯಿತು ತೂಕ ಇಳಿಸುವ ಪಾಡು. ಓಟ್ಸ್ ತಿಂದಳು. ಸೌತೆಕಾಯಿ ತಿಂದು ತಿಂದು, ಹಸಿರು ಬಣ್ಣ ಕಂಡರೆ ಮುಖ ತಿರುಗಿಸುವಂತಾದಳು. ದಿನಾ ಬೆಳಿಗ್ಗೆ ಪಾರ್ಕಿಗೆ ಹತ್ತು ಸುತ್ತು ಹಾಕಿದಳು. ಒಂದು ವರ್ಷದಲ್ಲಿ ಸವೆದದ್ದು ಎರಡು ಜೊತೆ ಬೂಟು. ಆರು ಕಿಲೋ ಇಳಿಯಿತು, ನೆಂಟರನ್ನು ಕರೆತರಲು ಹೋದವರ ಹಾಗೆ ಎಂಟು ಕಿಲೋ ಆಗಿ ವಾಪಸ್ಸು ಬಂತು. ಈಗ ನೂರ ಹದಿನೆಂಟು. ಮೊಣಕಾಲು ಮೆಟ್ಟಿಲು ಹತ್ತುವಾಗ ದೂರು ಹೇಳುತ್ತಿತ್ತು. ರಕ್ತದಲ್ಲಿ ಸಕ್ಕರೆಯೂ ತಲೆ ಹಾಕಿ ನೋಡಿ ಹೋಗಿತ್ತು. ಏಳು ತಿಂಗಳು ಕಾದು ಸರ್ಜನ್ನರ ಭೇಟಿ ಗಿಟ್ಟಿಸಿದ್ದಳು. ಅತ್ತಿಗೆಯನ್ನು ಮಾತ್ರ ಕರೆದುಕೊಂಡು, ಯಾರಿಗೂ ಗೊತ್ತಾಗದ ಹಾಗೆ ಹೋಗಿಬರುವುದೆಂದು ಲೆಕ್ಕ.

ಗುರುವಾರ ಎಂಟು ಗಂಟೆಗೆ ಬಾಗಿಲು ತೆಗೆದರೆ ಹೊಸಿಲಲ್ಲಿ ಬಣ್ಣದ ಮಾಮ. ಅವನ ಹಿಂದೆ, ಮೆಟ್ಟಿಲ ಮೇಲೆ, ಮೇಲಿನ ಮನೆಯ ಆಂಟಿ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದರು.

“ನಾನೂ ಬರ್ತೀನಿ,” ಎಂದ ಮಾಮ. “ಮುಖದಲ್ಲಿ ಕಳೆ ಇಲ್ದೆ ಆಸ್ಪತ್ರೆಗೆ ಹೋದ್ರೆ ಡಾಕ್ಟ್ರು ಕಾಯಿಲೆ ಜಾಸ್ತಿ ಬರೀತಾರೆ. ಸ್ವಲ್ಪ ಪೌಡರ್ ಹಾಕ್ಲಾ?”

“ಅಯ್ಯೋ ಬೇಡ ಮಾಮ!”

“ನಮ್ಮ ಯಜಮಾನ್ರ ಆಫೀಸಲ್ಲಿ ಒಬ್ರು ಮಾಡಿಸ್ಕೊಂಡ್ರಂತೆ,” ಎಂದರು ಆಂಟಿ, ಒಳಗೇ ಬಂದು ಕೂತು. “ಈಗ ಒಂದು ಬಿಸ್ಕತ್ತು ತಿನ್ನೋಕೆ ಅರ್ಧ ಗಂಟೆ ಬೇಕಂತೆ. ಪಾಪ, ಅವರನ್ನ ನೋಡಿದ್ರೆ ಕೋಟಿನೊಳಗೆ ಯಾರೂ ಇಲ್ಲ ಅನ್ಸುತ್ತೆ. ಏನೇ ಆಗ್ಲಿ ಕಣೇ, ನಾನಿದೀನಿ.”

ಅತ್ತಿಗೆ ಅಡುಗೆಮನೆಯಿಂದ ಕಣ್ಣಲ್ಲೇ ‘ನಾನು ಹೇಳಿಲ್ಲ’ ಎಂದು ಸನ್ನೆ ಮಾಡಿದಳು. ಇಬ್ಬರು ಹೋಗಬೇಕಾಗಿದ್ದ ಟ್ಯಾಕ್ಸಿಯಲ್ಲಿ ನಾಲ್ವರಾದರು.

ಆಸ್ಪತ್ರೆಯಲ್ಲಿ ಅವಳ ಟೋಕನ್ ಹದಿನಾಲ್ಕು. ಪಕ್ಕದ ಕುರ್ಚಿಯಲ್ಲಿ ಹದಿನೈದನೇ ಟೋಕನ್ನಿನ ಮೇಷ್ಟ್ರು, ಹೊಟ್ಟೆಯ ಮೇಲೆ ಎರಡೂ ಕೈ ಜೋಡಿಸಿ, ಪರೀಕ್ಷೆ ಬರೆಯಲು ಬಂದ ಹುಡುಗನ ಹಾಗೆ ಕೂತಿದ್ದರು. ಆಂಟಿ ಐದು ನಿಮಿಷದಲ್ಲಿ ಅವರ ಸಂಸಾರವನ್ನೆಲ್ಲ ತಿಳಿದುಕೊಂಡು, ಪಿಸುವಿನದನ್ನು ಅವರಿಗೆ ತಿಳಿಸಿಯೂ ಆಗಿತ್ತು.

ಆಹಾರದ ಬಗ್ಗೆ ಕೇಳುವ ಹುಡುಗಿ ಕಾಗದ ಹಿಡಿದು ಬಂದಳು. “ರಾತ್ರಿ ಊಟಕ್ಕೆ ಏನು ತಗೋತೀರ?”

“ಏನೂ ಇಲ್ಲ, ಒಂದು ಬಟ್ಟಲು ಸೂಪು,” ಎಂದಳು ಪಿಸು.

“ಸೂಪು ಹೌದು,” ಎಂದರು ಆಂಟಿ. “ಆದ್ರೆ ಹನ್ನೊಂದು ಗಂಟೆಗೆ ಇವರ ಅಡುಗೆಮನೆ ದೀಪ ಹತ್ಕೊಳುತ್ತೆ. ನಮ್ಮ ಬಾಲ್ಕನಿಗೆ ಕಾಣ್ಸುತ್ತೆ.”

“ಅದು ನಾನು ಆಂಟಿ!” ಎಂದಳು ಅತ್ತಿಗೆ. ಪಾಪ, ಸುಳ್ಳು. ಹುಡುಗಿ ಎರಡನ್ನೂ ಬರೆದುಕೊಂಡಳು.

ಕೊನೆಗೆ ಒಳಗೆ ಕರೆದಾಗ ಪಿಸು ಮೂವರನ್ನೂ ಹೊರಗೇ ಕೂರಿಸಿ, ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡಳು. ಸರ್ಜನ್ ಐವತ್ತು ದಾಟಿದ, ಮೃದು ಮಾತಿನ ಹೆಂಗಸು. ಒಂದು ಚಿತ್ರ ಬರೆದು ತೋರಿಸಿದರು. ಹೊಟ್ಟೆಯನ್ನು ಹೇಗೆ ಚಿಕ್ಕದು ಮಾಡುತ್ತಾರೆ, ಆಮೇಲೆ ಹೇಗೆ ಸ್ವಲ್ಪ ಸ್ವಲ್ಪವೇ ಅಗಿದು ತಿನ್ನಬೇಕು, ಬದುಕಿರುವ ತನಕ ವಿಟಮಿನ್ ಮಾತ್ರೆ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

“ಇನ್ನೊಂದು ಮಾತು. ಇದು ನಿಮ್ಮ ಸೋಮಾರಿತನ ಅಲ್ಲ. ಕೆಲವರ ಮೈ ಹಾಗೆ, ಬಿಟ್ಟುಕೊಡೋಕೆ ಒಪ್ಪೋದಿಲ್ಲ.”

ನಾಲ್ಕು ವರ್ಷದಲ್ಲಿ ಪಿಸುವಿಗೆ ಇದನ್ನು ಹೇಳಿದ ಮೊದಲ ಮನುಷ್ಯರು ಇವರು.

“ತೂಕ ಇಳಿದ ಮೇಲೆ ಮೊದಲು ಏನು ಮಾಡ್ಬೇಕು ಅಂತಿದೆ ನಿಮಗೆ?”

“ಗಟ್ಟಿಯಾಗಿ ಮಾತಾಡ್ಬೇಕು.”

ಡಾಕ್ಟರು ಕನ್ನಡಕ ತೆಗೆದು ನೋಡಿದರು. “ಅದಕ್ಕೆ ಹೊಟ್ಟೆ ಕತ್ತರಿಸ್ಬೇಕಾಗಿಲ್ವಲ್ಲಮ್ಮ.”

“ನೀವು ನಮ್ಮ ನಿರ್ದೇಶಕರನ್ನ ನೋಡಿಲ್ಲ ಡಾಕ್ಟ್ರೇ.”

ಅವರು ನಕ್ಕು ಒಪ್ಪಿಗೆ ಪತ್ರವನ್ನು ಮುಂದಿಟ್ಟರು. ಬರುವ ತಿಂಗಳು ಒಂದೇ ಒಂದು ದಿನ ಖಾಲಿ ಇತ್ತು. ಸಹಿ ಹಾಕಿದರೆ ಅದು ಅವಳದು. ಇಲ್ಲವಾದರೆ ಮುಂದಿನ ಟೋಕನ್ನಿನವರಿಗೆ ಹೋಗುತ್ತದೆ, ಅವಳು ಮತ್ತೆ ಸರತಿಯ ಕೊನೆಗೆ. ಪಿಸು ಪೆನ್ನು ಹಿಡಿದಳು. ಹೆಸರಿನ ಮೊದಲ ಅಕ್ಷರದ ತಲೆಕಟ್ಟು ಬರೆದಿದ್ದಳಷ್ಟೆ, ಬಾಗಿಲು ದಡಾರನೆ ತೆರೆಯಿತು. ಬಣ್ಣದ ಮಾಮ. ಚಾಚಿದ ಕೈಯಲ್ಲಿ ಫೋನು.

“ನಿರ್ದೇಶಕರು! ಅರ್ಜೆಂಟು!”

“ಸಹಿ ಹಾಕಿದ್ಯಾ?” ಫೋನಿನಿಂದ ಬಂದ ಧ್ವನಿ ಕೋಣೆಗೆಲ್ಲ ಕೇಳಿಸಿತು.

“ಇನ್ನೂ ಇಲ್ಲ ಸರ್…”

“ಪೆನ್ನು ಕೆಳಗಿಡು! ಒಂದು ಗ್ರಾಂ ಕೂಡ ಇಳಿಸ್ಬೇಡ. ಹೊಸ ನಾಟಕದಲ್ಲಿ ದೋಣಿಯ ಒಡತಿ ಇದ್ದಾಳಲ್ಲ, ಅವಳು ಕೂತ್ರೆ ದೋಣಿ ವಾಲ್ಬೇಕು, ಅಂಥ ಹೆಂಗಸು. ನೀನಿಲ್ದೆ ಆ ಪಾತ್ರ ಆಗೋದೇ ಇಲ್ಲ. ಟೇಪು ಹಿಡ್ಕೊಂಡು ದರ್ಜಿ ಬಂದು ಕಾಯ್ತಿದಾನೆ. ಈಗಿಂದೀಗ್ಲೇ ಬಾ!”

ಪಿಸು ಪೆನ್ನನ್ನು, ಅದಕ್ಕೆ ನೋವಾದೀತೆಂಬಂತೆ, ನಯವಾಗಿ ಕೆಳಗಿಟ್ಟಳು.

“ಯೋಚನೆ ಮಾಡಿ,” ಎಂದರು ಡಾಕ್ಟರು. “ನಿಮ್ಮ ಮೊಣಕಾಲು ನಾಟಕ ನೋಡೋದಿಲ್ಲ.”

ಆದರೆ ಪಿಸುವಿಗೆ ಆಗ ಮೊಣಕಾಲುಗಳೇ ಇರಲಿಲ್ಲ. ತೇಲುತ್ತಾ ಹೊರಗೆ ಬಂದಳು. ಮೇಷ್ಟ್ರು ಒಳಗೆ ಹೋದರು.

ಟ್ಯಾಕ್ಸಿಯಲ್ಲಿ ಆಂಟಿ ಮೂವರಿಗೆ ಫೋನು ಮಾಡಿದರು: “ನಮ್ಮ ಕೆಳಗಿನ ಮನೆಯವಳು ನಾಟಕದಲ್ಲಿ ಹೀರೋಯಿನ್ನು! ಹೂಂ ಕಣೇ, ನಾನೇ ಕರ್ಕೊಂಡು ಹೋಗ್ತಿದೀನಿ.” ಮಾಮ ಅವಳ ಗಲ್ಲಕ್ಕೆ ಯಾವ ಬಣ್ಣ ಒಪ್ಪುತ್ತದೆಂದು ತಲೆ ಓರೆ ಮಾಡಿ ನೋಡುತ್ತಿದ್ದ. ಅತ್ತಿಗೆ ಅವಳ ಕೈ ಹಿಡಿದುಕೊಂಡು, “ಒಂದ್ಸಲ ಹೇಳೇ, ನಾವೂ ಕೇಳೋಣ,” ಎಂದಳು.

ಹೊಸ ನಾಟಕದ ಪ್ರತಿಯನ್ನು ಕೈಯಾರೆ ನಕಲು ಮಾಡಿದವಳೇ ಪಿಸು. ಒಡತಿಯ ಮಾತು ಆಗಲೇ ಬಾಯಿಗೆ ಬಂದಿತ್ತು. ಕಿಟಕಿಯ ಗಾಜು ಏರಿಸಿದಳು. ಮೊದಲು ಅಭ್ಯಾಸದಂತೆ ಪಿಸುಗುಟ್ಟಿದಳು, ಆಮೇಲೆ ಧ್ವನಿ ತಾನಾಗಿ ಎದ್ದಿತು.

“ಈ ದಡಕ್ಕೆ ಬಂದವರೆಲ್ಲ ಆಚೆ ದಡಕ್ಕೆ ಹೋಗುವವರೇ. ನನ್ನ ಹತ್ತಿರ ಬಂದವರು ಒಬ್ಬರೂ ಇಲ್ಲ. ದಾಟಿ ಹೋದ ಮೇಲೆ ಒಮ್ಮೆ ತಿರುಗಿ ನೋಡಿದ್ದರೆ, ದೋಣಿಯಲ್ಲಿ ಯಾರೋ ಕೂತಿದ್ದದ್ದು ಕಾಣುತ್ತಿತ್ತು…”

ಹಸಿರು ದೀಪ ಬಂದರೂ ಟ್ಯಾಕ್ಸಿ ಹೊರಡಲಿಲ್ಲ. ಹಿಂದಿನ ಗಾಡಿಗಳು ಬೊಬ್ಬೆ ಹಾಕಿದವು. ಚಾಲಕ ಕನ್ನಡಿಯಲ್ಲಿ ನೋಡುತ್ತಾ ಕೇಳಿದ, “ಮೇಡಂ, ನೀವು ನಾಟಕದವರಾ?”

“ಹೌದು,” ಎಂದಳು ಪಿಸು. ಯಾರಾದರೂ ಹಾಗೆ ಕೇಳಿದಾಗ ‘ಹೌದು, ಆದ್ರೆ ಪಕ್ಕದಲ್ಲಿ ಕೂರೋಳು’ ಎನ್ನುವುದು ರೂಢಿ. ಅವತ್ತು ‘ಹೌದು’ ಎಂಬಲ್ಲಿಗೇ ಮಾತು ಮುಗಿಯಿತು.

ರಂಗಮಂದಿರದಲ್ಲಿ ದರ್ಜಿ ಕಾಯುತ್ತಿದ್ದ. ಅಳತೆಯ ಟೇಪು ಕಂಡರೆ ಓಡುತ್ತಿದ್ದವಳು ಅವತ್ತು ತಾನಾಗಿ ಎರಡೂ ತೋಳು ಚಾಚಿ, ವೇದಿಕೆಯ ನಡುವೆ ನಿಂತಳು. ದರ್ಜಿ ತೋಳು, ಎದೆ, ಸೊಂಟ ಎಲ್ಲವನ್ನೂ ಅಳೆದು, ಅಂಕಿಗಳನ್ನು ಗಟ್ಟಿಯಾಗಿ ಕೂಗಿ ಬರೆದುಕೊಂಡ. ಅವಳಿಗೆ ನಾಚಿಕೆಯಾಗಲಿಲ್ಲ. ಅಷ್ಟೂ ಇಂಚು ಬಟ್ಟೆ ತನ್ನದು, ಅಷ್ಟೂ ಬೆಳಕು ತನ್ನದು ಅನ್ನಿಸಿತು. ನಿರ್ದೇಶಕರು ಸುತ್ತಲೂ ಒಂದು ಸುತ್ತು ಬಂದು, “ಪರ್ಫೆಕ್ಟ್,” ಎಂದರು. “ಸ್ವಲ್ಪ ನಡೆದು ತೋರ್ಸು. ಆಹಾ! ಇದೇ ನಡಿಗೆ!”

ಆಮೇಲೆ ದರ್ಜಿ ಟೇಪನ್ನು ಸುತ್ತಿಕೊಂಡು, ಕುರ್ಚಿಯಲ್ಲಿ ಕೂತು ಉಗುರು ನೋಡಿಕೊಳ್ಳುತ್ತಿದ್ದ ನಾಯಕಿಯ ಹತ್ತಿರ ಹೋದ. ಅವಳ ಸೊಂಟವನ್ನೂ ಅಳೆದ. ಕಾಗದದ ಮೇಲೆ ಕಳೆಯುವ ಲೆಕ್ಕ ಮಾಡಿದ.

“ಇವ್ರಿಗೂ ಅವ್ರಿಗೂ ಇಪ್ಪತ್ತೆರಡು ಇಂಚು ವ್ಯತ್ಯಾಸ ಸರ್. ಸುತ್ತಲೂ ಮೂರೂವರೆ ಇಂಚು ದಪ್ಪದ ಸ್ಪಂಜು ಹೊಲಿದ್ರೆ ಸರಿಹೋಗುತ್ತೆ.”

ಪಿಸುವಿನ ತೋಳುಗಳು ಇನ್ನೂ ಚಾಚಿಯೇ ಇದ್ದವು. ಅವನ್ನು ಇಳಿಸಬೇಕೆಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಅಲ್ಲಾ ಸ್ವಾಮಿ,” ಎಂದು ಆಂಟಿ ಪ್ರೇಕ್ಷಕರ ಸಾಲಿನಿಂದಲೇ ಎದ್ದರು, “ದಪ್ಪ ಹೆಂಗಸಿನ ಪಾತ್ರಕ್ಕೆ ದಪ್ಪ ಹೆಂಗಸು ಬೇಡ್ವಾ?”

“ನಿಜವಾದ ದಪ್ಪ ಜನಕ್ಕೆ ಕಾಣ್ಸೋದಿಲ್ಲಮ್ಮ,” ಎಂದರು ನಿರ್ದೇಶಕರು ತಾಳ್ಮೆಯಿಂದ. “ಸ್ಪಂಜಿನ ದಪ್ಪ ಕಾಣ್ಸುತ್ತೆ. ಅದಕ್ಕೇ ಕಲೆ ಅನ್ನೋದು.” ಆಮೇಲೆ ಪಿಸುವಿನ ಕಡೆ ತಿರುಗಿ, “ಪ್ರಯೋಗಗಳೆಲ್ಲ ಮುಗಿಯೋ ತನಕ ಹೀಗೇ ಇರಮ್ಮ. ಇವಳು ನಿನ್ನ ನೋಡ್ಕೊಂಡೇ ನಡಿಗೆ ಕಲೀಬೇಕು,” ಎಂದರು.

ಅತ್ತಿಗೆ ಹೊರಗೆ ಓಡಿ ಆಸ್ಪತ್ರೆಗೆ ಫೋನು ಮಾಡಿದಳು. ಆಂಟಿಯೂ ಮಾಮನೂ ಅವಳ ಹಿಂದೆಯೇ ಹೊರಗೆ ಹೋದರು. ಆ ದಿನ ಮೇಷ್ಟ್ರಿಗೆ ಹೋಗಿಯಾಗಿತ್ತು. ಮತ್ತೆ ಏಳು ತಿಂಗಳು.

ಸದ್ಯಕ್ಕೆಂದು ನಾಯಕಿಗೆ ಎರಡು ದಿಂಬು ಕಟ್ಟಿ ಅಭ್ಯಾಸ ಶುರು ಮಾಡಿದರು. ದಿಂಬು ಜಾರದಂತೆ ಪಿನ್ನು ಚುಚ್ಚಲು ದರ್ಜಿ ಅವಳ ಪಕ್ಕದಲ್ಲೇ, ದೋಣಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ನಿರ್ದೇಶಕರು ಮಂದಿರದ ಕೊನೆಯ ಸಾಲಿಗೆ ಹೋಗಿ ದೀಪ ಆರಿಸಲು ಹೇಳಿದರು. ವೇದಿಕೆಯ ಮೇಲೆ ಮಾತ್ರ ಒಂದು ಹಳದಿ ಬೆಳಕು. ಪಿಸು ಸ್ಟೂಲಿಗೆ ಬಂದು ಕೂತಳು.

“ಈ ದಡಕ್ಕೆ…” ಎಂದಳು ನಾಯಕಿ. ನಿಂತಳು. ಮರೆತಿದ್ದಳು. ಪ್ರೇಕ್ಷಕರ ಕಡೆಗೆ ಬೆನ್ನು ಮಾಡಿ, ಪಿಸು ಕೂತಿದ್ದ ಕತ್ತಲಿನತ್ತ ನೋಡಿದಳು.

ಪಿಸು ಬಾಯಿ ತೆರೆದಳು. ಪಿಸುಗುಟ್ಟಬೇಕೆಂದೇ ಇದ್ದಳು. ಆದರೆ ಬೆಳಗಿನಿಂದ ಏನೂ ತಿನ್ನದ ಹೊಟ್ಟೆಯಿಂದಲೋ ಮತ್ತೆಲ್ಲಿಂದಲೋ ಧ್ವನಿ ಮೇಲೆದ್ದು ಬಂತು. “ಈ ದಡಕ್ಕೆ ಬಂದವರೆಲ್ಲ ಆಚೆ ದಡಕ್ಕೆ ಹೋಗುವವರೇ!” ಮಂದಿರದ ಕೊನೆಯ ಗೋಡೆಗೆ ಹೋಗಿ ತಟ್ಟಿ ಬಂತು ಮಾತು. ಅವಳು ನಿಲ್ಲಿಸಲಿಲ್ಲ. ನಾಯಕಿ ಉಸಿರು ತೆಗೆದುಕೊಳ್ಳುವ ಕಡೆ ತೆಗೆದುಕೊಳ್ಳದೆ, ತನ್ನ ಜಾಗದಲ್ಲಿ ತೆಗೆದುಕೊಂಡು, ಕೊನೆಯ ತನಕ ಹೇಳಿದಳು. “…ದೋಣಿಯಲ್ಲಿ ಯಾರೋ ಕೂತಿದ್ದದ್ದು ಕಾಣುತ್ತಿತ್ತು.”

ಆಮೇಲೆ ಕೊನೆಯ ಸಾಲಿನಿಂದ ಚಪ್ಪಾಳೆ. ನಿರ್ದೇಶಕರು ಕತ್ತಲಲ್ಲಿ ಕುರ್ಚಿಗಳಿಗೆ ಎಡವುತ್ತಾ ಓಡಿ ಬಂದರು. ಕಣ್ಣಲ್ಲಿ ನೀರು. ಪಿಸು ಎದ್ದು ನಿಂತಳು, ಸ್ಟೂಲಿನ ಅಂಚು ಹಿಡಿದುಕೊಂಡು.

ಅವರು ವೇದಿಕೆ ಹತ್ತಿ ನೇರವಾಗಿ ಹೋಗಿ ನಾಯಕಿಯ ಎರಡೂ ಕೈ ಹಿಡಿದುಕೊಂಡರು.

“ಇದೇ ಕಣಮ್ಮ, ಇದೇ ಬೇಕಾಗಿದ್ದದ್ದು! ಒಂಬತ್ತು ವರ್ಷದಲ್ಲಿ ನಿನ್ನ ಬಾಯಲ್ಲಿ ಈ ಧ್ವನಿ ಕೇಳಿರ್ಲಿಲ್ಲ. ನೋಡಿದ್ರೇನ್ರೋ, ಎರಡು ದಿಂಬು ಕಟ್ಟಿದ್ದಕ್ಕೇ ಧ್ವನಿಗೆ ತೂಕ ಬಂತು!”

ದರ್ಜಿ ಎಲ್ಲವನ್ನೂ ನೋಡಿದ್ದ. ಅವನ ಬಾಯಿ ತುಂಬ ಪಿನ್ನುಗಳಿದ್ದವು.

ನಾಯಕಿ ನಿರ್ದೇಶಕರ ಭುಜದ ಮೇಲಿಂದ ಕತ್ತಲಿನತ್ತ ನೋಡಿದಳು. ಏನೋ ಹೇಳುವವಳ ಹಾಗೆ ಅವಳ ತುಟಿ ಒಮ್ಮೆ ತೆರೆದು ಮುಚ್ಚಿತು. ಅಷ್ಟರಲ್ಲಿ ನಿರ್ದೇಶಕರು, “ಮುಂದಕ್ಕೆ ಹೇಳು, ಅದೇ ಬಿಸಿಯಲ್ಲಿ ಮುಂದಕ್ಕೆ ಹೇಳು!” ಎಂದು ಅವಸರ ಮಾಡಿದರು. ಅವಳು ದಿಂಬುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಪರದೆಯ ಹತ್ತಿರಕ್ಕೆ ಸರಿದಳು.

“ಮುಂದಿನ ಸಾಲು ಏನೇ?” ಎಂದು ಮೆಲ್ಲಗೆ ಕೇಳಿದಳು.

ಪಿಸು ಕೂತಳು. ಸ್ಟೂಲು ಕಿರುಗುಟ್ಟಿತು. ಪುಟ ತೆರೆದು ಸಾಲಿನ ಮೇಲೆ ಬೆರಳಿಟ್ಟು, ಯಾರಿಗೂ ಕೇಳಿಸದ ಹಾಗೆ ಹೇಳಿಕೊಟ್ಟಳು.