ಶ್ರೀ ಸ್ಕ್ರಿಪ್ಟ್ ಅವರ ವೈದ್ಯಕೀಯ ರಜೆ

ಇಚಲಕರಂಜಿಯ ಯಂತ್ರಮಗ್ಗ ಸವಲತ್ತು ಮಂಡಳಿಯ ಕಚೇರಿಯಲ್ಲಿ ಒಂದು ಸಲಕ್ಕೆ ಒಬ್ಬ ನೌಕರನಿಗೆ ಮಾತ್ರ ರಜೆ ಕೊಡಲಾಗುತ್ತದೆ. ಸದ್ಯ ಆ ರಜೆಯನ್ನು ಶ್ರೀ ಸ್ಕ್ರಿಪ್ಟ್ ಅವರು ಅನುಭವಿಸುತ್ತಿದ್ದಾರೆ. ಅವರು ಮನುಷ್ಯರಲ್ಲ ಎಂಬ ಕಾರಣಕ್ಕೆ ಇದುವರೆಗೆ ಯಾರೂ ತಕರಾರು ಎತ್ತಿಲ್ಲ.

ಅವರನ್ನು ಹುಟ್ಟಿಸಿದವನು ಹಿರಿಯ ಕಾರಕೂನ ಸಾತಪ್ಪ. ಮಗ್ಗದವರ ಕರೆಂಟು ಸವಲತ್ತಿನ ಅರ್ಜಿ ಕಂಪ್ಯೂಟರಿಗೆ ಬಂದ ಕೂಡಲೇ 'ಹೌದು', 'ಹೌದು', 'ಖಂಡಿತ ಹೌದು' ಎಂಬ ಗುಂಡಿಗಳನ್ನು ಒಂದರ ಹಿಂದೊಂದು ಒತ್ತುವುದೇ ಅವನ ನೌಕರಿ. 'ಇಲ್ಲ' ಎಂಬ ಗುಂಡಿ ಇರಲಿಲ್ಲ. ಅದಕ್ಕೆ ಮೇಲಿನಿಂದ ಮಂಜೂರಿ ಬರಬೇಕಿತ್ತು. ಒತ್ತಿ ಒತ್ತಿ ಬೇಸತ್ತ ಸಾತಪ್ಪ, ಆ ಗುಂಡಿಗಳನ್ನು ತಾನೇ ಹುಡುಕಿ ಒತ್ತುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡ. ಅದನ್ನು ಚಾಲೂ ಮಾಡಿದರೆ ಮೌಸಿನ ಬಾಣ ಎಷ್ಟು ಜೋರಾಗಿ ಓಡುತ್ತಿತ್ತೆಂದರೆ, ಅರ್ಜಿ ಬರೆಯಲು ಪೆನ್ನು ಹುಡುಕುತ್ತಿದ್ದವನ ಮನೆಗೂ ಮಂಜೂರಿ ಹೋಗಿ ಮುಟ್ಟುತ್ತಿತ್ತು. ಅಷ್ಟು ಹೊತ್ತು ಸಾತಪ್ಪ ಚಹಾದ ಗಾಡಿಯ ಮುಂದೆ ನಿಂತು, ಕೊಲ್ಹಾಪುರದ ಹೆಡ್ಡಾಫೀಸು ಸೀನಬೇಕಾದರೂ ತನ್ನನ್ನು ಕೇಳಿಯೇ ಸೀನುತ್ತದೆ ಎಂದು ನಾಲ್ಕು ಮಂದಿಗೆ ತಿಳಿಸುತ್ತಿದ್ದ.

ಹೀಗಿರಲಾಗಿ ಅವನ ಮಗಳು ಶೀತಲಳ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಅವನ ಊರಾದ ಮಹಾಗಾಂವದಲ್ಲಿ ನಿಗದಿಯಾಯಿತು. ಹುಡುಗಿಯ ಅಪ್ಪ ಬೀಗರ ಎದುರು ಚಾಪೆಯ ಮೇಲೆ ಕೂತು ಸಕ್ಕರೆ ಪುಡಿಕೆ ಇಸಿದುಕೊಳ್ಳದ ಹೊರತು ಮಾತು ಗಟ್ಟಿಯಾಗದು. ಶೀತಲ ಫೋನು ಮಾಡಿ, "ಅಪ್ಪಾ, ಅಕ್ಕನ ಸಾಖರಪುಡಾಕ್ಕ ನೀ ಊಟಾ ಮುಗದ ಮ್ಯಾಲ ಬಂದಿದ್ದಿ. ಈ ಸಲಾ ಟೈಮಿಗೆ ಬರಲಿಲ್ಲಂದ್ರ ನಾ ಚಾಪಿ ಮ್ಯಾಲ ಕುಂಡ್ರಂಗಿಲ್ಲ ನೋಡು" ಅಂದಳು.

"ಬರ್ತೇನವಾ. ನಾ ಇಲ್ಲದಿದ್ರೂ ಆಫೀಸ್ ನಡಿಯುವಂಗ ಮಾಡೇನಿ."

ಮ್ಯಾನೇಜರ ಬಸವಂತ ಸಾಹೇಬರು ಸಜ್ಜನರು. "ರಜಾ ಕೊಡಾಕ ನನ್ನ ಗಂಟೇನ ಹೋಗೂದು? ಬದಲಿ ಮನಶ್ಯಾ ಯಾರು?"

"ಸ್ಕ್ರಿಪ್ಟ್ ಐತೆಲ್ರಿ."

"ಹಾಜರಿಯೊಳಗ ಅದರ ಹೆಸರ ಇಲ್ಲಲ್ಲೋ."

ಆದ್ದರಿಂದ ಹೆಸರು ಸೇರಿಸಲಾಯಿತು. ತಂದೆಯ ಹೆಸರು ಎಂಬಲ್ಲಿ ಸಾಹೇಬರು ಸ್ವಲ್ಪ ಯೋಚಿಸಿ, ಬರೆದವನೇ ತಂದೆ ಎಂದು ತೀರ್ಮಾನಿಸಿ, 'ಸಾತಪ್ಪ' ಎಂದು ನಮೂದಿಸಿದರು. ಹೆಣ್ಣುಮಕ್ಕಳಷ್ಟೇ ಇದ್ದ ಸಾತಪ್ಪನಿಗೆ ಸರ್ಕಾರಿ ಶಾಯಿಯಲ್ಲಿ ಗಂಡುಮಗನಾಯಿತು. ಅವನು ಪೇಢೆ ಹಂಚಿದ.

ಪೇಢೆ ಬಾಯಲ್ಲಿರುವಾಗಲೇ ಕೊಲ್ಹಾಪುರದಿಂದ ಹೊಸ ಕಂಪ್ಯೂಟರು ಬಂತು, ಹಳೆಯದನ್ನು ಅದೇ ಗಾಡಿಯಲ್ಲಿ ಹೇರಿಕೊಂಡು ಹೋದರು. ಜೋಡಿಸಲು ಬಂದಿದ್ದ ರುತುಜಾ ಎಂಬ ಎಂಜಿನಿಯರು ಪೆನ್‌ಡ್ರೈವು ಸಿಕ್ಕಿಸಿ ನೋಡಿದಳು. ಬಾಣ ಅಲುಗಾಡಲಿಲ್ಲ.

"ಕಾಕಾ, ಇದನ್ನ ಮೂವತ್ತೆರಡು ಬಿಟ್ಟಿನ ಲೆಕ್ಕಕ್ಕ ಬರದೀರಿ. ಇದು ಅರವತ್ನಾಕು ಬಿಟ್ಟಿನ ಪ್ರೊಸೆಸರ್. ಇಲ್ಲಿ ವಿಳಾಸಾ ಎರಡಪಟ್ಟ ಉದ್ದ. ಅರ್ಧಾ ಹರದ ವಿಳಾಸಾ ಕೈಯಾಗ ಹಿಡ್ಕೊಂಡ ಮನಿ ಹುಡಕಿದ್ರ ಯಾರ ಮನಿ ಸಿಗತದ?"

ಸಾತಪ್ಪನ ಮುಖ ಇಳಿಯಿತು.

"ಚಿಂತಿ ಕಾಯಕೋ ಕರತಾ? ಯಾಕ್ರಿ ಚಿಂತಿ? ಇದನ್ನ ಓಡಸಾಕ ಮೂವತ್ತೆರಡರ ಪ್ರೋಗ್ರಾಮ ಒಂದ ಹಾಕತೇನಿ. ಚಹಾ ಆರೂದ್ರೊಳಗ ನಡೀತದ."

ಬಸವಂತ ಸಾಹೇಬರು ಕೈ ಅಡ್ಡ ಹಿಡಿದು ಸುತ್ತೋಲೆ ಓದಿದರು: 'ಆಧುನೀಕರಣಗೊಂಡ ಯಂತ್ರದೊಳಗೆ, ಆಧುನೀಕರಣಕ್ಕೆ ಮುಂಚಿನ ಯಾವುದನ್ನೂ ಪ್ರವೇಶಗೊಳಿಸತಕ್ಕದ್ದಲ್ಲ.'

"ನೀವೂ ಮುಂಚಿನವರ ಅಲ್ರಿ ಸಾಹೇಬ್ರ?" ಎಂದಳು ರುತುಜಾ.

"ನಾ ಒಳಗ ಹೋಗಂಗಿಲ್ಲವಾ. ಹೊರಗ ಕುಂಡ್ರತೇನಿ."

"ಹಂಗಾರ ಅರವತ್ನಾಕಕ್ಕ ತಿದ್ದಿ ಬರೀತೇನ್ರಿ" ಎಂದ ಸಾತಪ್ಪ.

"ತಿದ್ದಿದ್ರ ಅದು ಬ್ಯಾರೆ ನೌಕರ ಆತಲ್ಲೋ. ಹೊಸಾ ಭರತಿ ಬಂದ್ ಐತಿ."

ಸ್ಕ್ರಿಪ್ಟ್ ಅವರು ಹಾಜರಿದ್ದೂ ಕೆಲಸ ಮಾಡದ್ದಕ್ಕೆ ನೋಟೀಸು ಕೊಡಲಾಯಿತು. ಅವರು ಉತ್ತರಿಸಲಿಲ್ಲ. ಮಾತೂ ನಿಂತಿರುವುದರಿಂದ ಬೇನೆ ಗಂಭೀರವೆಂದು ಮನಗಂಡು ಸಾಹೇಬರು ಆದೇಶ ಹೊರಡಿಸಿದರು:

'ಶ್ರೀ ಸ್ಕ್ರಿಪ್ಟ್, ತಂದೆ ಸಾತಪ್ಪ, ಇವರಿಗೆ ಹೊಸ ಪ್ರೊಸೆಸರಿನ ಹವೆ ಒಗ್ಗದ ಪ್ರಯುಕ್ತ, ಪೂರ್ಣ ಪಗಾರದ ವೈದ್ಯಕೀಯ ರಜೆ ಮಂಜೂರು ಮಾಡಲಾಗಿದೆ. ಅವರು ಗುಣವಾಗುವವರೆಗೆ ಶ್ರೀ ಸಾತಪ್ಪ ಇವರು ಪ್ರಭಾರಿ ಸ್ಕ್ರಿಪ್ಟ್ ಆಗಿ ಗುಂಡಿ ಒತ್ತತಕ್ಕದ್ದು. ಪ್ರಭಾರಿಯು ಚಹಾಕ್ಕೆ ಹೋಗತಕ್ಕದ್ದಲ್ಲ. ಮೂಲ ಸ್ಕ್ರಿಪ್ಟ್ ಎಂದೂ ಹೋದವರಲ್ಲ.'

"ನನ್ನ ರಜಾ, ಸಾಹೇಬ್ರ?"

"ಒಬ್ಬರು ಆಗಲೇ ರಜಾದ ಮ್ಯಾಲ ಅದಾರಲ್ಲಪಾ. ಮತ್ತ ರಜಾದ ಮ್ಯಾಲ ಇದ್ದವರು ಆಫೀಸಿನಾಗ ಇರಬಾರದು. ಅವರನ ಊರಿಗೆ ಕಳಸು. ಮಹಾಗಾಂವ ಹವಾ ಛಲೋ ಐತಿ."

ಗಂಡನನ್ನು ಕರೆದೊಯ್ಯಲು ಬಂದ ಅನ್ನವ್ವ, ಅವನು ಅವಳ ಅಂಗೈಯಲ್ಲಿಟ್ಟ ಪೆನ್‌ಡ್ರೈವನ್ನೂ ಗಂಡನನ್ನೂ ನೋಡಿದಳು. "ನಿಮ್ಮನ್ನ ಒಯ್ಯಾಕ ಬಂದ್ರ ಇದನ್ನ ಕೊಡ್ತೀರಿ?"

"ರಜಾ ಇರೂದು ಅದಕ್ಕ" ಎಂದ ಸಾತಪ್ಪ, 'ಖಂಡಿತ ಹೌದು' ಒತ್ತುತ್ತ. "ನೀನ ಏನರ ಮಾಡು. ಹುಡುಗಿ ಚಾಪಿ ಮ್ಯಾಲ ಕುಂಡ್ರಬೇಕು ಅಷ್ಟ."

ಅವಳು ಆದೇಶದ ಪ್ರತಿಯನ್ನು ಕೇಳಿ ಪಡೆದು, ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿಕೊಂಡು ಗಡಹಿಂಗ್ಲಜದ ಎಸ್‌ಟಿ ಬಸ್ಸು ಹತ್ತಿದಳು. ಕಂಡಕ್ಟರು ಆದೇಶ ಓದಿ ಅರ್ಧ ಟಿಕೀಟು ಹರಿದನಂತೆ. ನಂಬದವರು ಕಂಡಕ್ಟರನನ್ನೇ ಕೇಳಬಹುದು.

ಮಹಾಗಾಂವದಲ್ಲಿ ಚಾಪೆ ಹಾಸಿತ್ತು. ನೇಸರಿಯಿಂದ ಬಂದಿದ್ದ ಬೀಗರು ತಾನಾಜಿ, "ಹುಡುಗಿ ಅಪ್ಪಾ ಎಲ್ಲಿ?" ಎಂದು ಕೇಳಿದರು.

"ಅಪ್ಪಗ ರಜಾ ಸಿಗಲಿಲ್ರಿ. ಅಪ್ಪಾ ಇಲ್ಲದಾಗ ಮನಿ ಗಂಡಮಗಾ ಕುಂಡ್ರೂದು ಪದ್ಧತಿ ಅಲ್ರಿ? ಅವ ಬಂದಾನ." ಅನ್ನವ್ವ ಗಂಟು ಬಿಚ್ಚಿ, ಆದೇಶ ಮುಂದಿಟ್ಟಳು.

ತಾನಾಜಿ ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. "ನೌಕರಿ ಕಾಯಂ ಏನ್ರಿ?"

"ಕಾಯಂ ರೀ. ಜಡ್ಡಾದ್ರೂ ಪೂರಾ ಪಗಾರ."

"ಕುಡೀತಾನೇನು?"

"ಚಹಾ ಸುದ್ದಾ ಇಲ್ರಿ."

"ಇಂಥಾ ಮನಶ್ಯಾ ನಮ್ಮ ಮನ್ಯಾಗೂ ಒಬ್ಬಾಂವ ಬೇಕಿತ್ತು" ಎಂದು ತಾನಾಜಿ ನಿಟ್ಟುಸಿರು ಬಿಟ್ಟು, ಪೆನ್‌ಡ್ರೈವಿಗೆ ಕುಂಕುಮ ಹಚ್ಚಿ, ಮಣೆಯ ಮೇಲೆ ಕೂರಿಸಿದರು.

ಎಲ್ಲರೂ ಶೀತಲಳನ್ನು ನೋಡಿದರು. ಅವಳು ಬಾಗಿಲಲ್ಲಿ ನಿಂತು ಮಣೆಯನ್ನು ನೋಡಿದಳು. "ಇರಲಿ. ಇದಾದ್ರೂ ಟೈಮಿಗೆ ಬಂತು" ಅಂದು, ಬಂದು ಕೂತಳು.

ಸಕ್ಕರೆ ಹಂಚಿದ ಮೇಲೆ ಮದುವೆ ಗಂಡು ಅಮೋಲ, ಭಾವಮೈದುನನ ಪ್ರಕೃತಿ ವಿಚಾರಿಸಬೇಕೆಂದು ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಅದು ಹಾಲಿನ ಡೇರಿಯವರು ಎಸೆಯಲಿದ್ದದ್ದನ್ನು ಬೇಡಿ ತಂದ ಹಳೆಯ ಮೂವತ್ತೆರಡರ ಯಂತ್ರ. ತೆರೆಯ ಮೇಲೆ ಗಡಹಿಂಗ್ಲಜದ ಮಂಗಲ ಕಾರ್ಯಾಲಯದ ಬುಕಿಂಗು ತೆರೆದಿತ್ತು. ಬಾಣ ಎದ್ದಿತು, ಓಡಿತು: ಹೌದು, ಹೌದು, ಖಂಡಿತ ಹೌದು. ಹಿರಿಯರು ಉಗುಳು ನುಂಗುವಷ್ಟರಲ್ಲಿ ಕಾರ್ಯಾಲಯ, ಊಟ, ಬ್ಯಾಂಡು ಎಲ್ಲ ಗಟ್ಟಿಯಾದವು. ಇಷ್ಟು ಚೆಂದ ಜಾತಕದ ಸಾಲಾವಳಿ ಕೂಡಿದ್ದನ್ನು ತಾವು ಕಂಡಿಲ್ಲವೆಂದು ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರು ಹೇಳಿದರು.

ಮದುವೆ ಹತ್ತಿರ ಬಂದಾಗ ಬಸವಂತ ಸಾಹೇಬರು ಮರುಗಿ, ತಾವಾಗಿಯೇ ಸಾತಪ್ಪನ ಮೇಜಿನ ಹತ್ತಿರ ಬಂದರು. "ಸ್ಕ್ರಿಪ್ಟ್ ಅವರ ರಜಾ ರದ್ದ ಮಾಡಿ ಕರಸತೇನಿ. ಮಗಳ ಲಗ್ನಾ ಐತಿ, ನೀನ ಹೋಗಿ ಬಾ."

ಸಾತಪ್ಪ ಎರಡು 'ಹೌದು' ಒತ್ತಿ, ಬಾಣವನ್ನು ಮೂರನೆಯದರ ಮೇಲೆ ತಂದು ನಿಲ್ಲಿಸಿದ.

"ಬ್ಯಾಡ್ರಿ ಸಾಹೇಬ್ರ. ಬೀಗರ ಜೋಡಿ ಅಂವಾ ಭಾಳ ಛಲೋ ಹೊಂದಕೊಂಡಾನ. ನಾ ಹೋದ್ರ ಹೊಂದತೇನೋ ಇಲ್ಲೋ."

ಸಾಹೇಬರು ಒಪ್ಪಿ ಸ್ಕ್ರಿಪ್ಟ್ ಅವರ ರಜೆಯನ್ನು ವಿಸ್ತರಿಸಿದರು.